ಹಟ್ಟಿಯಲ್ಲಿ ಒಣಗಿದ ಹಲಸು

ವರ್ಷಗಟ್ಟಲೆ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದ ನಾನು ನಿರ್ವಾತವನ್ನು ಕಣ್ಣಾರೆ ಕಂಡವನಲ್ಲ. ಕಾಣಲು ಅದರಲ್ಲಿ ಏನಿರುತ್ತದೆ ಎಂದು ನೀವು ಕೇಳಬಹುದು. ಆದರೂ ಕರಿಹಲಗೆಯ ಮೇಲೆ ಗಾಜಿನ ಜಾಡಿ ಬರೆದು, ಒಳಗೊಂದು ಗಂಟೆ ಬರೆದು, ಗಾಳಿ ತೆಗೆದರೆ ಸದ್ದು ಕೇಳಿಸದು ಎಂದು ಮಕ್ಕಳನ್ನು ನಂಬಿಸಿದವನಿಗೆ ಅದನ್ನು ಒಮ್ಮೆ ಸ್ವಂತ ಕೈಯಿಂದ ಮಾಡಿ ನೋಡುವ ಆಸೆ ಇರಬಾರದೇ? ನಿವೃತ್ತಿಯಾದ ಮೇಲೆ ಆ ಆಸೆ ತಲೆಗೇರಿತು.

ನೆಪ ಒದಗಿಸಿದ್ದು ಗಾಳಿಗೆ ಬಿದ್ದ ಹಲಸಿನ ಮರ. ಅದರ ಹಲಗೆಯಿಂದ ನನ್ನ ಹೆಂಡತಿ ವಾರಿಜಳಿಗೆ ಎತ್ತರದ ಬೆಂಚೊಂದನ್ನು ಮಾಡಿಸಬೇಕೆಂದಿದ್ದೆ. ತಗ್ಗಿನಲ್ಲಿ ಕೂತರೆ ಏಳಲು ಅವಳ ಮೊಣಕಾಲು ಒಪ್ಪುವುದಿಲ್ಲ. ಆಚಾರಿ ಹಲಗೆಯನ್ನು ತಟ್ಟಿ ನೋಡಿ, "ಹಸಿ ಉಂಟು ಮಾಷ್ಟ್ರೆ. ಈಗ ಮಾಡಿದ್ರೆ ಬಿರುಕು ಬಿಡ್ತದೆ. ಒಂದು ವರ್ಷ ನೆರಳಲ್ಲಿ ಇಡಿ" ಎಂದ. ನಮ್ಮ ಕಡಬದ ಹವೆಯಲ್ಲಿ ನೆರಳಲ್ಲಿಟ್ಟದ್ದು ಒಣಗುವ ಮೊದಲೇ ಬೂಸು ಹಿಡಿಯುತ್ತದೆ. ಅಷ್ಟರಲ್ಲಿ ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮ ದಾರಿ ತೋರಿಸಿದ: ಮರವನ್ನು ಕಬ್ಬಿಣದ ಕೊಳವೆಯಲ್ಲಿ ಭದ್ರವಾಗಿ ಮುಚ್ಚಿ, ಬಿಸಿ ಮಾಡಿ, ಒಳಗಿನ ಗಾಳಿ ಎಳೆದರೆ ಬೇಗನೆ ಒಣಗುತ್ತದಂತೆ. ಗಾಳಿಯ ಒತ್ತಡ ಇಳಿದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದಲ್ಲ! ಕುಮಾರ ಪರ್ವತದ ತುದಿಯಲ್ಲಿ ಅನ್ನಕ್ಕಿಟ್ಟು, ನೀರು ಬೇಗ ಕುದಿಯಿತೆಂದು ಹಿಗ್ಗಿ, ಆಮೇಲೆ ಅರೆಬೆಂದ ಕುಚ್ಚಲಕ್ಕಿ ಜಗಿದವರಲ್ಲಿ ನಾನೂ ಒಬ್ಬ. ಆ ಬೆಟ್ಟದ ಗಾಳಿಯನ್ನು ಒಂದು ಕೊಳವೆಯೊಳಗೆ ತಂದರಾಯಿತು ಎಂದುಕೊಂಡೆ.

ಪುತ್ತೂರಿನ ಗುಜರಿ ಅಂಗಡಿಯಲ್ಲಿ ದಪ್ಪದ ಕೊಳವೆ ಸಿಕ್ಕಿತು. ವೆಲ್ಡಿಂಗಿನವನು ಒಂದು ಬದಿ ಮುಚ್ಚಿ, ಇನ್ನೊಂದಕ್ಕೆ ಮುಚ್ಚಳ ಮಾಡಿಕೊಟ್ಟ. ಮುಚ್ಚಳದ ಸಂದಿಗೆ ಲಾರಿ ಟ್ಯೂಬಿನ ರಬ್ಬರು, ಕೊಳವೆಯ ಕೆಳಗೆ ತೆಂಗಿನ ಗೆರಟೆಯ ಸಣ್ಣ ಬೆಂಕಿ. ಗಾಳಿ ಎಳೆಯುವ ಪಂಪಂತೂ ನಮ್ಮ ದನದ ಹಟ್ಟಿಯಲ್ಲೇ ಇತ್ತು, ಹಾಲು ಕರೆಯುವ ಯಂತ್ರದ್ದು. ಮರದ ನೀರು ಬಂದು ಸೇರಲೆಂದು ಪಂಪಿಗೂ ಕೊಳವೆಗೂ ನಡುವೆ ಹಳೆಯ ಹಾಲಿನ ಕ್ಯಾನನ್ನೇ ಇಟ್ಟೆ. ಹಟ್ಟಿಯಲ್ಲಿ ದನವಿರಲಿಲ್ಲ, ಹಾಗಾಗಿ ಜಾಗಕ್ಕೆ ಕೊರತೆಯಿರಲಿಲ್ಲ.

ವಾರಿಜಳ ಮೊಣಕಾಲು ಸೋತ ಮೇಲೆ ನಮ್ಮ ದನ ಬೊಳ್ಳಿಯನ್ನು ಈಶ್ವರಮಂಗಲದಲ್ಲಿರುವ ಅವಳ ತಂಗಿಯ ಮನೆಗೆ ಕೊಟ್ಟಿದ್ದೆವು. ಅಂದಿನಿಂದ ವಾರಿಜ ಹಟ್ಟಿಯ ಕಡೆ ತಲೆ ಹಾಕಿರಲಿಲ್ಲ. ಬೊಳ್ಳಿ ಹೋದದ್ದು ನನಗೂ ಬೇಸರವೇ, ಆದರೆ ಅದಕ್ಕಿಂತ ಹೆಚ್ಚಾಗಿ ನಾನು ಕಳೆದುಕೊಂಡದ್ದು ಸಂಜೆಯ ಆ ಹೊತ್ತನ್ನು. ಕೆಚ್ಚಲಿಗೆ ಯಂತ್ರದ ಕಪ್ಪುಗಳನ್ನು ಸಿಕ್ಕಿಸಿದ ಮೇಲೆ ಕಾಯುವುದು ಬಿಟ್ಟರೆ ಕೆಲಸವಿಲ್ಲ. ಪಂಪಿನ ಗದ್ದಲದ ನಡುವೆ ನಾವಿಬ್ಬರೂ ಕಿರುಚಿಕೊಂಡು ಮಾತಾಡುತ್ತಿದ್ದೆವು: ಊರಿನ ಸುದ್ದಿ, ಅವಳ ಬಾಲ್ಯ, ನನ್ನ ಪೆದ್ದುತನ. ಅದು ಹೋದ ಮೇಲೆ ಮನೆ ತುಂಬ ನಿಶ್ಶಬ್ದ. ಮಾತು ‘ಗುಳಿಗೆ ನುಂಗಿದಿರಾ’, ‘ಗ್ಯಾಸ್ ಮುಗಿಯಿತು’ ಎಂಬಲ್ಲಿಗೇ ನಿಲ್ಲುತ್ತಿತ್ತು. ಆ ಹೊತ್ತು ಮತ್ತೊಮ್ಮೆ ಸಿಗಲಿ ಎಂದು ಜೀವ ಹಂಬಲಿಸುತ್ತಿತ್ತು. ಬಾ, ಹಟ್ಟಿಯಲ್ಲಿ ಕೂತು ಮಾತಾಡುವ ಎಂದು ಕಟ್ಟಿಕೊಂಡ ಹೆಂಡತಿಯನ್ನು ಕರೆಯಲು ಈ ವಯಸ್ಸಿನಲ್ಲಿ ನಾಚಿಕೆ. ಅದಕ್ಕೇ ಇಷ್ಟೆಲ್ಲ ವಿಜ್ಞಾನ.

ಪಂಪು ಶುರುವಾದ ದಿನ ಸದ್ದು ಕೇಳಿ ಓಡಿ ಬಂದವರು ನೆರೆಮನೆಯ ಏಲಿಯಮ್ಮ, ಕೈಯಲ್ಲಿ ಹಾಲಿನ ಪಾತ್ರೆ ಸಮೇತ. "ದನ ತಂದದ್ದು ಹೇಳ್ಲೇ ಇಲ್ಲ ಅಲ್ವಾ ಮಾಷ್ಟ್ರೆ!" ನಾನು ವಿವರಿಸಿದೆ. "ಎಂತ, ಮರದಿಂದ ಹಾಲು ಕರೆಯುದಾ?" ಎಂದು ನಕ್ಕು ನಕ್ಕು ಖಾಲಿ ಪಾತ್ರೆಯೊಂದಿಗೆ ಹೋದರು. ವಾರಿಜ ಬರಲಿಲ್ಲ.

ಮರವೂ ಹನಿ ನೀರು ಬಿಡಲಿಲ್ಲ. ಎಷ್ಟು ಗಾಳಿ ಹೋಯಿತೆಂದು ತೋರಿಸುವ ಪಂಪಿನ ಮೀಟರಿನ ಮುಳ್ಳು ಅರ್ಧಕ್ಕೆ ಬಂದು ಸುಸ್ತಾಗುತ್ತಿತ್ತು. ಎಲ್ಲೋ ಗಾಳಿ ಒಳಗೆ ನುಗ್ಗುತ್ತಿದೆ. ಬೋಲ್ಟು ಬಿಗಿದೆ, ಗ್ರೀಸು ಮೆತ್ತಿದೆ, ಹೊಗೆ ಯಾವ ಕಡೆ ಸೆಳೆಯುತ್ತದೆಂದು ನೋಡಲು ಊದುಬತ್ತಿ ಹಿಡಿದು ಕೊಳವೆಗೆ ಸುತ್ತು ಬಂದೆ. ಕಂಡವರಿಗೆ ಮಾಷ್ಟ್ರು ಗುಜರಿಗೆ ಪೂಜೆ ಮಾಡುತ್ತಿದ್ದಾರೆ ಎನಿಸಿರಬೇಕು.

ಹೀಗೆ ಸುತ್ತುತ್ತಿದ್ದ ಒಂದು ಸಂಜೆ ಬಾಗಿಲಲ್ಲಿ ವಾರಿಜಳ ಸ್ವರ ಕೇಳಿಸಿತು. "ಎಂತ ಮಾರಾಯ್ರೆ, ಆಗದಿಂದ ಗಾಳಿ ಎಳೀತಾ ಉಂಟು. ನಿಮಗೆ ಕೇಳುದಿಲ್ವಾ?"

ಕೆಚ್ಚಲಿನಿಂದ ಕಪ್ಪು ಜಾರಿದರೆ ಅಡುಗೆಮನೆಯಿಂದಲೇ ಗುರುತಿಸುತ್ತಿದ್ದ ಕಿವಿ ಅದು; ಎಷ್ಟು ದಿನ ತಡೆದುಕೊಂಡಿತ್ತೋ. ಗೋಡೆ ಹಿಡಿದು ಒಳಗೆ ಬಂದಳು. ನಾನು ನನ್ನ ಕೊಳವೆಯನ್ನಷ್ಟೇ ಅನುಮಾನಿಸಿದ್ದೆ. ಅವಳು ಪಂಪು ನಿಲ್ಲಿಸಿ, ನೇರ ಹಾಲಿನ ಕ್ಯಾನಿನ ಮುಚ್ಚಳ ಎತ್ತಿ, ಬಿರಿದ ರಬ್ಬರನ್ನು ತಿರುವಿ ಹಾಕಿ ಒತ್ತಿದಳು. ಮತ್ತೆ ಶುರು ಮಾಡಿದಾಗ ಪಂಪಿನ ಸ್ವರ ತಗ್ಗಿತು, ಮುಳ್ಳು ಮೇಲೇರಿತು. ಕೂರಲು ಅತ್ತಿತ್ತ ನೋಡಿದಳು. ನಾನು ಹಿಂಡಿಯ ಡಬ್ಬಿ ಬೋರಲು ಹಾಕಿದೆ.

"ಬೊಳ್ಳಿಗೆ ಅಲ್ಲಿ ಸರಿ ಹುಲ್ಲು ಹಾಕ್ತಾರೋ ಏನೋ!" ಪಂಪಿನ ಸದ್ದಿಗಿಂತ ಮೇಲೆ ಕಿರುಚಿದಳು.

"ನಿನ್ನ ತಂಗಿಯೇ ಅಲ್ವಾ, ಹಾಕ್ತಾಳೆ!" ನಾನೂ ಕಿರುಚಿದೆ. ಎಷ್ಟೋ ತಿಂಗಳ ಮೇಲೆ ಹಾಗೆ ಕಿರುಚಿದ್ದು, ಕಣ್ಣಲ್ಲಿ ನೀರೇ ಬಂತು. ಹೊಗೆಯೆಂದು ಹೇಳಿದೆ.

ಮತ್ತೆ ಪ್ರತಿ ಸಂಜೆ ಬಂದಳು. ಕ್ಯಾನಿನಲ್ಲಿ ಹಲಸಿನ ವಾಸನೆಯ ನೀರು ಸೇರತೊಡಗಿತು. ದಿನ ಹೋದಂತೆ ಕಡಿಮೆಯಾಗುತ್ತಾ ಕೊನೆಗೆ ನಿಂತೇಹೋಯಿತು. ಹಲಗೆ ತಟ್ಟಿದರೆ ಠಣ್ ಎನ್ನುತ್ತಿತ್ತು. ಆಚಾರಿಗೆ ಹೇಳಿ ಕಳುಹಿಸಬೇಕಿತ್ತು. ನಾನು ಯಾರಿಗೂ ಹೇಳಲಿಲ್ಲ. ಒಣಗಿದ ಹಲಗೆಯನ್ನು ಮತ್ತೆ ಮತ್ತೆ ಒಣಗಿಸುತ್ತಾ ಉಳಿದೆ.

ಮೊನ್ನೆ ವಾರಿಜ ಕ್ಯಾನನ್ನು ಬಗ್ಗಿಸಿ ನೋಡಿದಳು. ನಾನು ಮೊದಲೇ ಬಾಯಿ ಹಾಕಿದೆ: "ಒಳಗೆ ಇನ್ನೂ ಸ್ವಲ್ಪ ಹಸಿ ಉಂಟು."

"ಎಂತದ್ದೂ ಇಲ್ಲ. ನೀರು ಬೀಳದೆ ವಾರ ಆಯ್ತು. ನಾನು ದಿನಾ ನೋಡ್ತಾ ಇದ್ದೇನೆ."

ಅವಳು ಕ್ಯಾನನ್ನು ಮೊದಲಿನ ಜಾಗದಲ್ಲೇ ಇಟ್ಟು, ರಬ್ಬರು ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡಿ ಹೇಳಿದಳು: "ಮರದ ಮಿಲ್ಲಿನಲ್ಲಿ ಹೆಬ್ಬಲಸು ಉಂಟಂತೆ. ನಾಳೆ ಹೋಗಿ ತನ್ನಿ. ದಪ್ಪದ್ದು ತನ್ನಿ, ಒಳ್ಳೆ ಹಸಿ ಇದ್ದದ್ದೇ ನೋಡಿ."