ಹದಿನೇಳನೆಯ ಸುತ್ತು

ಮಾರ್ಲಾ ಕ್ವಿಲೆನ್‌ಳ ಮೇಜಿನ ಮೇಲೆ ಊಟದ ಬರಿಟೊ ರೊಟ್ಟಿಸುರುಳಿ ಅರ್ಧಕ್ಕೇ ಉಳಿದಿದ್ದರೆ ಪರೀಕ್ಷೆ ಶುರುವಾಗಿದೆ ಎಂದೇ ಲೆಕ್ಕ. ಇಪ್ಪತ್ತೆರಡು ವರ್ಷ ಭೂಸೇನೆಯ ರೇಡಿಯೊ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಆಮೇಲೆ ನ್ಯೂ ಮೆಕ್ಸಿಕೊದ ಈ ಮರಳುಗಾಡಿನಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆ ಮೂರನ್ನೂ ಒಟ್ಟಿಗೆ ಪರೀಕ್ಷಿಸುವ ಕೆಲಸ ಹಿಡಿದಳು. ಮುನಿಸಿಕೊಂಡ ಬೀಗರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವಂಥ ಕೆಲಸ. ಆರು ವರ್ಷದಿಂದ ಪಕ್ಕದ ಕುರ್ಚಿಯಲ್ಲಿ ಕೂತು ನಾನೂ ತಲೆ ಚಚ್ಚಿಕೊಂಡಿದ್ದೇನೆ.

ಈ ಸಲ ಹೊಸ ರೇಡಿಯೊ. ನೆಲದ ತಂಡ ಮೊದಲು ತಾನಿರುವ ಜಾಗ ಹೇಳಬೇಕು, ಆಮೇಲೆ ಗುರಿ. ನೌಕಾಪಡೆಯವರು ಅದನ್ನು ವಿಮಾನಕ್ಕೆ ದಾಟಿಸಬೇಕು. ನಲವತ್ತು ಸುತ್ತುಗಳಲ್ಲಿ ಮೂವತ್ತೊಂಬತ್ತು ಸರಿಯಾದವು. ಹದಿನೇಳನೆಯದರಲ್ಲಿ ನೌಕಾಪಡೆಯ ಗಡಿಯಾರ ನಾಲ್ಕು ಸೆಕೆಂಡು ಹಿಂದಿತ್ತು. ಅದರಿಂದ ಜಾಗ, ಗುರಿ ಎರಡೂ ಸಂದೇಶ ಅದಲುಬದಲಾದವು. ಪೈಲಟ್ ನಮ್ಮದೇ ತಂಡದ ಮೇಲೆ ಗುಂಡಿ ಒತ್ತಿದ. ಬಾಂಬು ಇರಲಿಲ್ಲ, ಪುಣ್ಯ.

ಗಡಿಯಾರಗಳು ಒಂದು ಸೆಕೆಂಡಿಗಿಂತ ಹೆಚ್ಚು ತಪ್ಪಿದರೆ ಆ ಸುತ್ತು ಲೆಕ್ಕಕ್ಕಿಲ್ಲ ಎಂಬ ನಿಯಮವಿತ್ತು. ಬರೆದವಳು ಮಾರ್ಲಾಳೇ.

"ನಿಯಮ ನಿಮ್ದೇ ಅಲ್ವಾ ಮೇಡಂ?" ಎಂದರು ಸಭೆಯಲ್ಲಿ ನೌಕಾಪಡೆಯ ಕ್ಯಾಪ್ಟನ್ ಆಸ್ಟ್ರಾಂಡರ್. "ಹದಿನೇಳು ಬಿಟ್ಬಿಡಿ. ಶುಕ್ರವಾರ ವರದಿ ಹೋಗ್ಲಿ."

"ಅವ್ರ ಗಡಿಯಾರಕ್ಕೆ ನಮ್ಮ ಪೈಲಟ್ ಯಾಕ್ರೀ ಬೈಸ್ಕೋಬೇಕು?" ಎಂದರು ವಾಯುಪಡೆಯ ಕರ್ನಲ್. ಭೂಸೇನೆಯವರೂ ತಲೆಯಾಡಿಸಿದರು. ಈ ಮೂವರು ಒಂದು ಮಾತಿಗೆ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮೈ ಉರಿದುಹೋಯಿತು.

ಕೊನೆಯ ತೀರ್ಮಾನ ಮಾರ್ಲಾಳದೇ. ಆದರೆ ಅವಳ ಕೆಲಸ ಮುಂದುವರಿಯಲು ಆ ಮೂವರ ರುಜು ಬೇಕು.

"ಯುದ್ಧದಲ್ಲಿ ಗಡಿಯಾರ ತಪ್ಪಿದ್ರೆ, ಇದು ಲೆಕ್ಕಕ್ಕಿಲ್ಲ, ಮತ್ತೆ ಆಡೋಣ ಅಂತೀರಾ?" ಎಂದಳು ಮಾರ್ಲಾ.

"ಹಾಗಾದ್ರೆ ನಿಮ್ಮ ನಿಯಮಾನೇ ತಪ್ಪು ಅನ್ನಿ!" ಎಂದರು ಆಸ್ಟ್ರಾಂಡರ್.

ಅವಳು ಹತ್ತು ನಿಮಿಷ ಬಿಡುವು ಕೇಳಿ ಎದ್ದಳು. ನಾನೂ ಹಿಂದೆಯೇ ಹೋದೆ.

ಕಾಫಿ ಯಂತ್ರದ ಹತ್ತಿರ ನೆಲದ ತಂಡದ ಮುಖ್ಯಸ್ಥೆ ಸಾರ್ಜೆಂಟ್ ಡೆಲ್ಫೀನ್ ಸೋಸಿ ನಿಂತಿದ್ದಳು, ಬೂಟಿನ ತುಂಬ ಮರಳು.

"ಮೇಡಂ, ಹದಿನೇಳರಲ್ಲಿ ನಮ್ದೇನಾಯ್ತು? ಯಾರೂ ಬಾಯೇ ಬಿಡ್ತಿಲ್ಲ. ಮುಂದಿನ ತಿಂಗ್ಳು ಈ ರೇಡಿಯೊ ಹೊತ್ಕೊಂಡು ಹೊರಡೋರು ನಾವೇ."

ಮಾರ್ಲಾ ನೇರವಾಗಿ ಹೇಳಿದಳು. "ನೀವು ನಾಲ್ಕೂ ಜನ ಸತ್ತೋದ್ರಿ, ಡೆಲ್ಫೀನ್."

ನಗುತ್ತಾಳೆಂದುಕೊಂಡೆ. ನಗಲಿಲ್ಲ.

"ಹಂಗಂತ ಬರ್ದಿದ್ದೀರಾ?"

"ಈಗ ಬರೀತೀನಿ," ಎಂದು ಮಾರ್ಲಾ ಸಭೆಯ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.