ಮಾವ ತಿಂದ ಚುಕ್ಕಿಗಳು

ಹಳೆಯ ನೋಟ್‌ಬುಕ್ಕಿನ ಧೂಳು ಕೊಡವುವಾಗ ಒಣಗಿದ ಕಡಲೆಕಾಯಿ ಸಿಪ್ಪೆಯೊಂದು ಮಡಿಲಿಗೆ ಬಿತ್ತು. ಜೀವಮಾನವೆಲ್ಲ ಗಣಿತ ಪಾಠ ಮಾಡಿದವಳ ಪುಸ್ತಕದಲ್ಲಿ ಸಿಪ್ಪೆಯೇ ಎಂದು ನಗಬೇಡಿ. ನನ್ನ ತಲೆಗೆ ಗಣಿತ ಹತ್ತಿದ್ದೇ ಅದರಿಂದ.

ಆಗ ಅರವತ್ತರ ದಶಕ. ಅಪ್ಪ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಗೆ ಇಳಿಯುತ್ತಿದ್ದ. ನಾನು ನಮ್ಮೂರು ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಮಾಲಜಿ ಕಲಿಯಲು ಹೋಗುತ್ತಿದ್ದೆ. ಹೆಸರು ಕೇಳಿ ಹೆದರಬೇಕಿಲ್ಲ. ಚುಕ್ಕಿಗಳನ್ನು ಗೆರೆಗಳಿಂದ ಕೂಡಿಸಿದ ಜಾಲದಲ್ಲಿ ಸುತ್ತುಗಳು ಎಷ್ಟಿವೆ ಎಂದು ಹುಡುಕುವ ಕೆಲಸ ಅದು. ಕೊನೆಯಿರುವ ಜಾಲವಾದರೆ ನಾನು ಹುಲಿ. ಕೊನೆಯಿಲ್ಲದ ಜಾಲದ ಪಾಠ ಬಂದಾಗ ಮಾತ್ರ ಮೇಷ್ಟ್ರು, ಎರಡೂ ಕಡೆಗೆ ಮುಗಿಯದೆ ಓಡುವ ಗೆರೆಯನ್ನೂ ಸುತ್ತೆಂದೇ ಎಣಿಸಬೇಕು ಎಂದರು. ಹೋದದ್ದು ತಿರುಗಿ ಬಾರದೆ ಸುತ್ತು ಹೇಗಾದೀತು? ನಮ್ಮೂರಿನಲ್ಲಿ ಹಳಿಯೇ ಮುಗಿಯುತ್ತದೆ. ಹೋದ ರೈಲು ಬಂದೇ ಬರುತ್ತದೆ. ನಾನು ಜಗಳಕ್ಕೇ ನಿಂತೆ.

“ನಿಮ್ಮೂರಲ್ಲಿ ಹಳಿ ಮುಗಿದರೆ ಪ್ರಪಂಚವೂ ಮುಗಿಯಬೇಕೇನಮ್ಮ?” ಎಂದು ಮೇಷ್ಟ್ರು ನಕ್ಕರು. “ಸೋಮವಾರ ನೀನೇ ಇದನ್ನು ಎಲ್ಲರಿಗೂ ವಿವರಿಸು. ಆಗದಿದ್ದರೆ ಸಂಶೋಧನೆಯ ಆಸೆ ಬಿಡು.”

ಬಂಗಾರಪೇಟೆ ಬರುವತನಕ ಕಿಟಕಿಗೆ ಮುಖ ಮಾಡಿ ಅತ್ತೆ. ಅಲ್ಲಿ ರೈಲು ಬದಲಿಸಬೇಕು. ನನ್ನ ಸೋದರಮಾವ ಅಲ್ಲೇ ಪಾಯಿಂಟ್ಸ್‌ಮನ್, ರೈಲುಗಳಿಗೆ ಹಳಿ ತಿರುಗಿಸಿಕೊಡುವವನು. ಬೆಂಚಿನ ಮೇಲೆ ಹುರಿದ ಕಡಲೆಕಾಯಿಗಳನ್ನು ಸಾಲಾಗಿ ಜೋಡಿಸಿ, ಇವೆಲ್ಲ ಸ್ಟೇಷನ್ನು, ಈ ಸಾಲಿಗೆ ಕೊನೆಯೇ ಇಲ್ಲ, ಆದರೂ ಇದು ಸುತ್ತಂತೆ ಎಂದು ಕಷ್ಟ ಹೇಳಿಕೊಂಡೆ. ಮಾವ ಕೇಳುತ್ತಲೇ ಎರಡು ಸ್ಟೇಷನ್ ಸುಲಿದು ಬಾಯಿಗೆ ಹಾಕಿಕೊಂಡ.

“ಸುತ್ತು ಸರಿಯಾಗೈತಾ ಅಂತ ನೀವೆಂಗೆ ನೋಡ್ತೀರ?”

“ಪ್ರತಿ ಚುಕ್ಕೀಲೂ ಒಳಗೆ ಬಂದಷ್ಟು ಆಚೆಗೆ ಹೋಗ್ಬೇಕು ಮಾವ. ಏನೂ ಮಿಗಬಾರ್ದು.”

“ಮತ್ತೆ ಅಳೋದ್ಯಾಕೆ? ಮದ್ರಾಸ್ ರೈಲು ಎಲ್ಲಿಗೋಗಿ ನಿಲ್ತದೆ ಅಂತ ನಾನು ಕೇಳ್ತೀನಾ? ಬಂದದ್ದು ಓಯ್ತಾ, ನನ್ ಟೇಸನ್ ಸರಿ. ಪಕ್ಕದೋನು ಅವನ ಟೇಸನ್ ನೋಡ್ಕೋತಾನೆ. ಎಲ್ಲರ್ದೂ ಸರಿ ಇದ್ರೆ ಲೈನೆಲ್ಲಾ ಸರಿ ಕಣಮ್ಮ. ನಿಮ್ ಮಾರಿಕುಪ್ಪಂದೇ ತಕರಾರು, ಬಂದದ್ದು ಅಲ್ಲೇ ನಿಂತ್ಕೋತದೆ!”

ತಿರುಗಿ ಬರಲೇಬೇಕು ಎಂದು ಗಣಿತ ಎಲ್ಲೂ ಕೇಳಿರಲಿಲ್ಲ. ಕೇಳಿದ್ದವಳು ನಾನು. ಪ್ಲಾಟ್‌ಫಾರಂ ಮೇಲೆಯೇ ಕುಣಿಯುವಷ್ಟು ಖುಷಿಯಾಗಿ, ಸಿಪ್ಪೆಗಳ ನಡುವೆಯೇ ನೋಟ್‌ಬುಕ್ ಬಿಚ್ಚಿ ಬರೆದುಕೊಂಡೆ. ಸೋಮವಾರ ಮೇಷ್ಟ್ರ ಮೇಜಿನ ಮೇಲೂ ಕಡಲೆಕಾಯಿ ಸುರಿದು ವಿವರಿಸಿದೆ. ಅವರು ನಾಲ್ಕು ಚುಕ್ಕಿ ತಿಂದು, “ಸಂಶೋಧನೆ ಶುರು ಮಾಡಮ್ಮ” ಎಂದರು.

ಮಾವ ಹೋಗಿ ಎಷ್ಟೋ ವರ್ಷವಾಯಿತು. ಸಿಪ್ಪೆ ಎಸೆಯಲು ಕಸದ ಬುಟ್ಟಿಯವರೆಗೂ ಹೋದವಳು ತಿರುಗಿ ಬಂದು ಅದೇ ಪುಟದಲ್ಲಿಟ್ಟೆ. ಏನೂ ಮಿಗಬಾರದು ಎಂಬ ನಮ್ಮಿಬ್ಬರ ಲೆಕ್ಕದಲ್ಲಿ ಇದೊಂದು ಮಿಕ್ಕಿರಲಿ.