ರೋಲ್ ಇಲ್ಲದ ಕ್ಯಾಮೆರಾದಲ್ಲಿ ಆಯಿ

ಇವತ್ತು ಬೆಳಿಗ್ಗೆ ನೀರು ತುಂಬಿಟ್ಟೆ, ಅಪ್ಪನಿಗೆ ಸ್ನಾನಕ್ಕೆ ಬಿಸಿನೀರು ಕೊಟ್ಟೆ, ಇಸ್ತ್ರಿಯವನಿಗೆ ಬಟ್ಟೆ ಕಳಿಸಿದೆ, ಮಿಕ್ಸರ್ ರಿಪೇರಿಗೆ ಹಾಕಿ ಬರುವಾಗ ಸ್ಟೇಷನ್ ಹೊರಗೆ ಬಾಳೆಲೆ, ಹೂವು ಕೊಂಡೆ. ನಾಳೆ ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆ. ಮಧ್ಯಾಹ್ನ ತೀರಿಹೋದವರ ಫೋಟೊಗಳನ್ನು ಒರೆಸಲೆಂದು ಕಪಾಟಿನ ಮೇಲಿಂದ ಇಳಿಸುವಾಗ, ಅವುಗಳ ಹಿಂದಿದ್ದ ಅಪ್ಪನ ಕ್ಯಾಮೆರಾದ ಚರ್ಮದ ಚೀಲ ಕೈಗೆ ಬಂತು. ಮಳೆಗಾಲದ ಬೂಷ್ಟು ಹಿಡಿದಿತ್ತು. ಒರೆಸಿ ಗುಂಡಿ ಬಿಚ್ಚಿದೆ. ಚರ್ಮದ ವಾಸನೆ, ಬೂಷ್ಟಿನ ವಾಸನೆ, ಅವುಗಳ ಅಡಿಯಲ್ಲಿ ಇಷ್ಟು ವರ್ಷವಾದರೂ ಹೋಗದೆ ಉಳಿದ ಲೇತ್ ಮಶೀನಿನ ಎಣ್ಣೆಯ ವಾಸನೆ. ಫೋಟೊಗಳನ್ನು ಅಲ್ಲೇ ಬಿಟ್ಟು ಸ್ವಲ್ಪ ಹೊತ್ತು ನೆಲದ ಮೇಲೆ ಕುಳಿತೆ.

ಕುರ್ಲಾದಲ್ಲಿ ನಾನು ಬೆಳೆದ ಚಾಳು ಈಗಿಲ್ಲ. ಅದರ ಜಾಗದಲ್ಲಿ ಎದ್ದ ಬಿಲ್ಡಿಂಗಿನ ಎದುರು ನಿಂತು, ನಾವು ಉಂಡು ಮಲಗುತ್ತಿದ್ದ ಖೋಲಿ ಇದರಲ್ಲಿ ಎಲ್ಲಿ ಬಂದೀತು ಎಂದು ಎಷ್ಟು ಸಲ ಕತ್ತೆತ್ತಿ ನೋಡಿದರೂ ಗುರುತು ಹತ್ತುವುದಿಲ್ಲ. ಒಂದೇ ಖೋಲಿ, ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿ, ಹೊರಗೆ ಎಲ್ಲರಿಗೂ ಸೇರಿದ ಉದ್ದನೆಯ ಗ್ಯಾಲರಿ, ಅದರ ಕಟಾಂಜನಕ್ಕೆ ಸಾಲಾಗಿ ಒಣಹಾಕಿದ ಬಟ್ಟೆ. ಬಾಗಲಕೋಟೆ ಕಡೆಯಿಂದ ಬಂದ ಅಪ್ಪ ಹತ್ತಿರದ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದ. ಬೀಡಿ ಇಲ್ಲ, ಎಲೆಯಡಿಕೆ ಇಲ್ಲ. ಇದ್ದದ್ದು ಈ ಸೆಕೆಂಡ್ ಹ್ಯಾಂಡ್ ಕ್ಯಾಮೆರಾದ ಹುಚ್ಚೊಂದೇ. ಫಿಲ್ಮ್ ರೋಲ್ ಕೊಳ್ಳುವುದು ಮದುವೆ, ಮಕ್ಕಳ ಜಾವಳಕ್ಕೆ ಮಾತ್ರ. ಮಿಕ್ಕ ಭಾನುವಾರಗಳಲ್ಲಿ ಖಾಲಿ ಕ್ಯಾಮೆರಾವನ್ನೇ ಕೊರಳಿಗೆ ಹಾಕಿಕೊಂಡು, ನನ್ನ ಕೈ ಹಿಡಿದು ಹೊರಡುತ್ತಿದ್ದ. ರೈಲ್ವೆ ಸೇತುವೆಯ ಮೇಲೆ, ಗುಜರಿ ಅಂಗಡಿಗಳ ಸಾಲಿನಲ್ಲಿ, ಒಮ್ಮೊಮ್ಮೆ ಲೋಕಲ್ ಹಿಡಿದು ಮಾಟುಂಗದ ಹೂವಿನ ಸಂತೆಯಲ್ಲಿ ನಿಂತು, ಬೆಳಕು ನೋಡಿ, ಉಸಿರು ಹಿಡಿದು, ಗುಂಡಿ ಒತ್ತುತ್ತಿದ್ದ. ಸರದಿಯಂತೆ ನಾನೂ ಒತ್ತಬೇಕು. ಸಂಜೆ ಮನೆಗೆ ಬಂದ ಮೇಲೆ ಚಹಾ ಕುಡಿಯುತ್ತ, "ಹೂಂ, ಇವತ್ತ ಏನ್ ತಗದಿ, ಹೇಳು" ಎನ್ನುತ್ತಿದ್ದ. ತೆಗೆಯದ ಫೋಟೊವನ್ನು ನಾನು ಬಾಯಲ್ಲಿ ಹೇಳಬೇಕಿತ್ತು. ಬೆಳಕು ಯಾವ ಕಡೆಯಿಂದ ಬಂತು, ನೆರಳು ಯಾರ ಮೇಲೆ ಬಿತ್ತು. "ನಡುವ ಇರೂದು ಎಲ್ಲಾರಿಗೂ ಕಾಣ್ತೈತಿ. ಅಂಚಿನ್ಯಾಗ ಏನಿತ್ತು?" ಎಂದು ಮತ್ತೆ ಕೇಳುತ್ತಿದ್ದ. ಅವ್ವ ಒಲೆಯ ಮುಂದಿನಿಂದಲೇ, "ತಂದಿ ಮಗಳು ಖಾಲಿ ಡಬ್ಬಿ ಕೊಳ್ಳಿಗೆ ಕಟ್ಟಿಕೊಂಡ ಊರ ಸುತ್ತಿ ಬಂದ್ರು. ಬರೂ ಮುಂದ ಒಂದ್ ಸೂಡ ಕೊತ್ತಂಬರಿ ತಂದಿದ್ರ ನಿಮ್ಮ ಫೋಟೊ ಅಳಿಸಿ ಹೋಗ್ತಿತ್ತೇನು?" ಎನ್ನುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥ ಒಂದು ಹುಚ್ಚು ಇದ್ದಿದ್ದರೆ, ಅದು ಮಕ್ಕಳಿಗೆ ಹೇಗೆ ಹತ್ತುತ್ತದೆಂದು ನಿಮಗೆ ಗೊತ್ತಿರುತ್ತದೆ. ಇವತ್ತಿಗೂ ಲೋಕಲ್‌ನಲ್ಲಿ ಸೀಟು ಸಿಗದೆ ನಿಂತಾಗ, ಎದುರಿನ ಹೆಂಗಸಿನ ಮುಖಕ್ಕಿಂತ ಮೊದಲು ನನ್ನ ಕಣ್ಣು ಹೋಗುವುದು ಕಿಟಕಿಯ ಸರಳಿನ ನೆರಳು ಆಕೆಯ ಕೈಮೇಲೆ ಎಲ್ಲಿ ಮುರಿದಿದೆ ಎಂಬ ಕಡೆಗೆ.

ಆಯಿ ಎಂದರೆ ಅಪ್ಪನ ತಾಯಿ. ಊರಿನಿಂದ ವರ್ಷಕ್ಕೊಮ್ಮೆ ಬಂದು ನಮ್ಮ ಜತೆ ಇರುತ್ತಿದ್ದಳು. ಅವಳು ಕಂಡಂತೆ ಊರಲ್ಲಿ ಗೋಡೆಯ ಮೇಲಿನ ಫೋಟೊ ಎಂದರೆ ಸತ್ತವರದು. ಗಾಜಿನ ಮೇಲೆ ಕುಂಕುಮ, ಸುತ್ತ ಹಾರ. ಅಪ್ಪ ಕ್ಯಾಮೆರಾ ಎತ್ತಿದರೆ ಸೆರಗು ಮುಖಕ್ಕೆ ಎಳೆದುಕೊಂಡು, "ನನ್ನ ಗ್ವಾಡಿಗೆ ಹೊಡಿಯಾಕ ಇಷ್ಟ ಅವಸರ ಆಗೇತೇನೋ ನಿನಗ?" ಎನ್ನುವಳು. ಒಂದು ಭಾನುವಾರ ಮಾತ್ರ ಗ್ಯಾಲರಿಯ ಕೊನೆಯಲ್ಲಿ ಕುಳಿತವಳು ತಾನಾಗಿಯೇ ಕೇಳಿದಳು.

"ಅದರಾಗ ರೋಲ್ ಇಲ್ಲಲ್ಲ ಇವತ್ತ?"

"ಇಲ್ಲಬೇ."

"ಖರೇನ?"

ಅಪ್ಪ ಹಿಂಬದಿಯ ಮುಚ್ಚಳ ತೆಗೆದು ತೋರಿಸಿದ. ಆಯಿ ಒಳಗೆ ಬಗ್ಗಿ ನೋಡಿ, "ಹಂಗಾರ ತಗಿ" ಎಂದು ನೆಟ್ಟಗೆ ಕುಳಿತಳು. ಅಪ್ಪ ಮದುವೆಯ ಫೋಟೊಕ್ಕೂ ಅಷ್ಟು ಹೊತ್ತು ತೆಗೆದುಕೊಂಡವನಲ್ಲ. ಮಂಡಿಯೂರಿದ, ಎದ್ದ, ಅವಳ ಗದ್ದವನ್ನು ಒಂದಿಷ್ಟು ತಿರುಗಿಸಿದ, ನನ್ನನ್ನು ಕರೆದು ಕ್ಯಾಮೆರಾಕ್ಕೆ ಕಣ್ಣು ಹಚ್ಚಿಸಿದ, ಆಮೇಲೆ ಒತ್ತಿದ. ಸಂಜೆ ನಾನು ಹೇಳಿದ ತನ್ನ ಫೋಟೊವನ್ನು ಆಯಿ ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಇದ ಚಲೋ ಆತು. ಇದಕ್ಕ ಮೊಳಿ ಹೊಡಿಯಾಕ ಬರೂದಿಲ್ಲ" ಎಂದಳು. ಆ ಸಲ ಊರಿಗೆ ಹೋದವಳು ಮತ್ತೆ ಬರಲಿಲ್ಲ. ಅಂದಿನಿಂದ ನಮ್ಮಲ್ಲಿ ಅಮಾವಾಸ್ಯೆಗೆ ಎಲ್ಲರ ಫೋಟೊಗಳ ನಡುವೆ, ಫೋಟೊ ಇಲ್ಲದ ಆಯಿಯ ಹೆಸರಿಗೆ ಅವಳ ಇಳಕಲ್ ಸೀರೆ ಮಡಚಿ ಇಡುತ್ತೇವೆ.

ನನ್ನ ಮಗಳು ನೇಹಾಗೆ ಇದು ಒಪ್ಪಿಗೆಯಿಲ್ಲ. ಇವತ್ತು ಕ್ಯಾಮೆರಾ ಕಂಡವಳೇ, "ಮಮ್ಮಿ, ಟೆನ್ಶನ್ ಯಾಕ? ನೀ ಹೇಳು, ನಾ ಮೊಬೈಲ್‌ದಾಗ ಆಯಿದ್ದು ಫೋಟೊ ಬನವ್ತೀನಿ" ಎಂದು ನನ್ನಿಂದ ಮೂಗುತಿ, ಸೀರೆ, ಗ್ಯಾಲರಿ ಎಲ್ಲ ಕೇಳಿ ತಿಳಿದು, ಅದನ್ನೆಲ್ಲ ಮೊಬೈಲಿಗೆ ಹೇಳಿ, ಸ್ವಲ್ಪ ಹೊತ್ತಿಗೆ ಅದು ಮಾಡಿಕೊಟ್ಟ ಒಂದು ಚಿತ್ರ ತಂದಳು. ಚೆನ್ನಾಗಿಯೇ ಇತ್ತು. ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದ.

"ಯಾರವಾ ಈ ಮುದುಕಿ? ಚಲೋ ಮನಿತನದಾಕಿ ಕಾಣ್ತಾಳ."

"ಅಜ್ಜಾ, ಆಯಿ ಹೈ ನಾ. ನಿಮ್ಮ ಅವ್ವ."

"ನಮ್ಮವ್ವ ಇಷ್ಟ ಹಲ್ಲ ತಗದ ಯಾರ ಮುಂದನೂ ನಕ್ಕಾಕಿ ಅಲ್ಲ."

ನಾವು ಮೂವರೂ ನಕ್ಕೆವು. ಆದರೆ ಆ ಚಿತ್ರವನ್ನು ನಾನು ಮತ್ತೊಮ್ಮೆ ನೋಡಿದೆ. ಆಯಿಯ ಮುಖ ಕಂಡವರಲ್ಲಿ ಈಗ ಉಳಿದಿರುವುದು ಅಪ್ಪ ಮತ್ತು ನಾನು ಮಾತ್ರ. ಈ ಚಿತ್ರ ನಾಳೆ ಎಡೆಯ ಮುಂದೆ ಕುಳಿತರೆ, ನಮ್ಮಿಬ್ಬರ ನಂತರ ಈ ಮನೆಗೆ ಆಯಿ ಎಂದರೆ ಈ ಅಪರಿಚಿತಳೇ. ಬೇಡ ಎಂದೆ. ನೇಹಾ ಮುಖ ಸಣ್ಣದು ಮಾಡಿಕೊಂಡು, "ತೋ ಫಿರ್ ಬರೆದಿಡು" ಎಂದಳು. ಬರೆದಿಟ್ಟರೆ ಯಾರು ಓದಬೇಕು? ಅವಳಿಗೆ ಕನ್ನಡ ಮಾತು ತಿಳಿಯುತ್ತದೆ, ಅಕ್ಷರ ಬರುವುದಿಲ್ಲ. ಅವಳನ್ನು ಎದುರಿಗೆ ಕೂರಿಸಿಕೊಂಡೆ. ಮೊಬೈಲ್ ಕೆಳಗಿಡಿಸಿದೆ. "ನಾ ಹೇಳ್ತೀನಿ. ಕೇಳಿ, ಹೊಳ್ಳಿ ನೀ ಹೇಳಬೇಕು. ತಪ್ಪಿದರ ಮತ್ತ ಮೊದಲಿಂದ" ಎಂದೆ. ಆಯಿ ಮಗುಚಿ ಹಾಕಿದ ಎಣ್ಣೆ ಡಬ್ಬಿಯ ಮೇಲೆ ಕುಳಿತಿದ್ದಾಳೆ. ಎರಡು ಚಾಳುಗಳ ಸಂದಿಯಿಂದ ಬಂದ ಬಿಸಿಲು ಎಡಗೆನ್ನೆಯ ಮೇಲೆ ಮಾತ್ರ ಇದೆ, ಬಲಗಣ್ಣು ನೆರಳಲ್ಲಿದೆ. ನಗು ಬಂದದ್ದು ಕಾಣಬಾರದೆಂದು ತುಟಿ ಒಳಗೆ ಎಳೆದುಕೊಂಡಿದ್ದಾಳೆ. ಅಲುಗಾಡಬೇಡ ಎಂದದ್ದಕ್ಕೆ ಹೆಬ್ಬೆರಳುಗಳನ್ನು ಮುಷ್ಟಿಯೊಳಗೆ ಬಚ್ಚಿಟ್ಟಿದ್ದಾಳೆ. ಎಡ ಅಂಚಿನಲ್ಲಿ ಪಕ್ಕದ ಮನೆಯವರ ಒದ್ದೆ ಟವೆಲ್ಲಿನ ಮೂಲೆ.

ಕುಕ್ಕರ್ ಮೂರು ಸಲ ಕೂಗುವವರೆಗೂ ನೇಹಾ ತಡವರಿಸಿದಳು. "ಆಯಿ ಡಬ್ಬಾ ಮ್ಯಾಲ ಕುಂತಾಳ. ಧೂಪ್... ಬಿಸಲ ಈ ಗಾಲ್ ಮ್ಯಾಲ ಐತಿ. ನಗು ರೋಕ್‌ಕೇ... ತುಟಿ ಒಳಗ. ಅಂಗೂಠಾ ಮುಠ್ಠಿಯಾಗ. ಟವೆಲ್ ಎಡಕ್ಕ." ಅಪ್ಪ ಮಂಚದ ಮೇಲಿನಿಂದ, "ಬಲಕ್ಕ" ಎಂದ. ಎಷ್ಟೋ ವರ್ಷ ನಾನೂ ಅದನ್ನು ಎಡಕ್ಕೆಂದೇ ಹೇಳುತ್ತ ಬಂದಿದ್ದೆ. ನೇಹಾ ಮತ್ತೆ ಮೊದಲಿನಿಂದ ಶುರು ಮಾಡಿದಳು.

ರಾತ್ರಿ ಅನ್ನ, ತೊಗರಿಬೇಳೆ ಸಾರು, ಸುಟ್ಟ ಹಪ್ಪಳ ಉಂಡೆವು. ನೇಹಾ ಕೈ ತೊಳೆದು ಬಂದು ಅಜ್ಜನ ಪಕ್ಕ ಕುಳಿತು ಇನ್ನೊಮ್ಮೆ ಹೇಳತೊಡಗಿದಳು. ಅವಳು ಆಯಿಯ ತುಟಿಯವರೆಗೆ ಬರುವಷ್ಟರಲ್ಲಿ ಅಪ್ಪ ಎಲ್ಲರಿಗಿಂತ ಮೊದಲು ನಿದ್ದೆ ಹೋದ.